ಹಳೆಯ ಬಾಕಿಯ ಬಗ್ಗೆ ಕಾಗದದಲ್ಲಿ ಏನೂ ಇರಲಿಲ್ಲ

ನಾವು ರೋಗಿಗಳಿಂದ ಫೀ ತೆಗೆದುಕೊಂಡ ಕೊನೆಯ ದಿನ ಒಂದು ಶುಕ್ರವಾರ. ಅದು ಕೊನೆಯ ದಿನವೆಂದು ಆಗ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೆ ದವಾಖಾನೆಯ ಬಾಗಿಲು ತೆಗೆದೆ. ಕಟ್ಟೆಯ ಮೇಲೆ ಹತ್ತು ಹನ್ನೆರಡು ಜನ ಕುಳಿತಿದ್ದರು. ಜ್ವರ ಬಂದ ಮಕ್ಕಳು, ಇಬ್ಬರು ಬಸುರಿಯರು, ಕಾಲಿಗೆ ಕೊಡಲಿ ತಗುಲಿಸಿಕೊಂಡ ಒಬ್ಬ ಮುದುಕ. ಒಬ್ಬೊಬ್ಬರನ್ನೇ ಒಳಗೆ ಕರೆದು ಮೊದಲು ಫೀ ಕೇಳಿದೆ, ಆಮೇಲೆ ಏನಾಗಿದೆ ಎಂದು ಕೇಳಿದೆ. ಕ್ರಮವೇ ಹಾಗಿತ್ತು. ಮುದುಕ ಫೀಯ ಬದಲು ಒಂದು ಕೋಳಿ ತಂದಿದ್ದ. ಅದನ್ನು ಹಿತ್ತಲಲ್ಲಿ ಕಟ್ಟಿಹಾಕಿ ಗಾಯಕ್ಕೆ ಹೊಲಿಗೆ ಹಾಕಿದೆ. ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡಿ, ಸಂಜೆ ಕಸ ಹೊಡೆದು, ಬೀಗ ಹಾಕಿದೆ. ನೆನಪಿಡುವಂಥದ್ದು ಏನೂ ನಡೆಯಲಿಲ್ಲ.

ಇದು ಆಫ್ರಿಕಾದ ಜಾಂಬಿಯಾ ದೇಶದ ಮಾತು. ನಾನು ರಾಯಬಾಗ ತಾಲೂಕಿನವಳು. ಮಿರಜಿನಲ್ಲಿ ನರ್ಸಿಂಗ್ ಕಲಿತೆ. ನಮ್ಮ ಮನೆಯವರು ಉಗಾರದ ಕಾರ್ಖಾನೆಯಲ್ಲಿ ಪ್ಯಾನಮನ್ ಆಗಿದ್ದರು. ಕಬ್ಬಿನ ರಸವನ್ನು ಕುದಿಸಿ ಹರಳು ಕಟ್ಟಿಸುವುದು ಅವರ ಕೆಲಸ. ಆ ಕೆಲಸ ಬಲ್ಲವರು ಬೇಕೆಂದು ಜಾಂಬಿಯಾದ ಒಂದು ಸಣ್ಣ ಸಕ್ಕರೆ ಕಾರ್ಖಾನೆಯವರು ಕರೆದರು. ನಾವಿಬ್ಬರೂ ಹೋದೆವು. ಕಾರ್ಖಾನೆಯ ಹತ್ತಿರದ ಹಳ್ಳಿಯ ಸರಕಾರಿ ದವಾಖಾನೆಯಲ್ಲಿ ನರ್ಸ್ ಇರಲಿಲ್ಲ. ಆ ಕೆಲಸ ನನಗೆ ಸಿಕ್ಕಿತು.

ಕಳೆದ ತಿಂಗಳು ಚಿಕ್ಕೋಡಿಯ ನರ್ಸಿಂಗ್ ಕಲಿಯುವ ಹುಡುಗಿಯರ ಮುಂದೆ ಬಂದು ನನ್ನ ಅನುಭವ ಹೇಳಬೇಕೆಂದು ಕರೆದಿದ್ದರು. ನಾನು ಹೋಗಲಿಲ್ಲ. ಜನರ ಮುಂದೆ ನಿಂತು ಮಾತಾಡುವುದು ನನಗೆ ಮೊದಲಿನಿಂದಲೂ ಬಾರದು. ನಮ್ಮ ಮನೆಯವರು ತೀರಿಹೋದ ಮೇಲಂತೂ ಮನೆಯಲ್ಲೇ ಮಾತು ಕಡಿಮೆಯಾಗಿದೆ. ಬರೆದುಕೊಡುತ್ತೇನೆ ಎಂದೆ. ನನಗೆ ಸಿಕ್ಕ ಪ್ರಮಾಣಪತ್ರಗಳ ಬಗ್ಗೆ ಹೇಳುವಂಥದ್ದೇನೂ ಇಲ್ಲ. ನಾನು ಮಾಡಿದ ತಪ್ಪು ನಿಮಗೆ ಹೆಚ್ಚು ಉಪಯೋಗಕ್ಕೆ ಬಂದೀತು.

ಅಲ್ಲಿಯ ಜನ ಬೇರೆ ಭಾಷೆ ಆಡುತ್ತಿದ್ದರು. ನಾನು ಅದನ್ನು ಎರಡು ವರ್ಷದಲ್ಲಿ ಕಲಿತೆ. ಇಲ್ಲಿ ಅವರ ಮಾತನ್ನು ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ. ನನ್ನ ಕಿವಿಗೆ ಅದು ಹಾಗೇ ಕೇಳುತ್ತಿತ್ತು.

ನನ್ನ ಮೇಲಿನ ಅಧಿಕಾರಿಯ ಹೆಸರು ಫಿರಿ. ಪೂರ್ಣ ಡಾಕ್ಟರಲ್ಲ, ಆದರೆ ಡಾಕ್ಟರ ಕೆಲಸವನ್ನೆಲ್ಲ ಮಾಡುತ್ತಿದ್ದರು. ಎತ್ತರದ ಮನುಷ್ಯ, ಶರ್ಟಿನ ಕೊರಳ ಗುಂಡಿಯನ್ನು ಯಾವ ಬಿಸಿಲಿಗೂ ಬಿಚ್ಚಿದವರಲ್ಲ. ಬಸುರಿಯ ಹೊಟ್ಟೆಗೆ ಕಟ್ಟಿಗೆಯ ಕೊಳವೆ ಇಟ್ಟು ಕೂಸಿನ ಎದೆಬಡಿತ ಕೇಳುವುದನ್ನು ನನಗೆ ಸರಿಯಾಗಿ ಕಲಿಸಿದವರು ಅವರೇ. ಮಿರಜಿನಲ್ಲಿ ಕಲಿತಿದ್ದೇನೆ ಎಂದು ನಾನು ಹೇಳಿದಾಗ, "ಕಲತೀರಿ ಖರೆ, ಕೇಳಾಕ ಕಲತಿಲ್ಲ. ಕೊಳವಿ ಹಿಡಿದ ಕೈ ತಗೀರಿ. ಕೈ ಸಪ್ಪಳ ಮಾಡತೈತಿ" ಎಂದರು. ಕೈ ತೆಗೆದು, ಕಿವಿಯಿಂದಲೇ ಕೊಳವೆಯನ್ನು ಒತ್ತಿ ಹಿಡಿದಾಗ ಎದೆಬಡಿತ ಸ್ಪಷ್ಟವಾಗಿ ಕೇಳಿಸಿತು. ಈಗ ಯಂತ್ರಗಳು ಬಂದಿವೆ. ಕರೆಂಟು ಹೋದಾಗ ಈ ಮಾತು ನೆನಪಿರಲಿ.

ಫಿರಿ ಸಾಹೇಬರು ಕಾಗದದ ಮನುಷ್ಯ. ಕಾಗದದಲ್ಲಿ ಇದ್ದದ್ದನ್ನು ಮಾಡುತ್ತಿದ್ದರು. ಇಲ್ಲದ್ದನ್ನು ಮಾಡುತ್ತಿರಲಿಲ್ಲ. ಫೀ ತೆಗೆದುಕೊಳ್ಳಬೇಕೆಂದು ಕಾಗದ ಇತ್ತು, ತೆಗೆದುಕೊಂಡರು. ಆ ಕಾಗದ ಎಲ್ಲಿಂದ ಬಂತೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ. ಆ ದೇಶ ತಾಮ್ರ ಮಾರಿ ಬದುಕುವ ದೇಶ. ತಾಮ್ರಕ್ಕೆ ಬೆಲೆ ಇದ್ದಾಗ ಹೊರಗಿನವರು ಸಾಲ ಕೊಟ್ಟರು. ಬೆಲೆ ಬಿದ್ದ ಮೇಲೆ ಬಡ್ಡಿ ಕಟ್ಟಲು ಮತ್ತೆ ಸಾಲ ಮಾಡಬೇಕಾಯಿತು. ಸಾಲ ಕೊಟ್ಟವರು ಖರ್ಚು ಇಳಿಸಿರಿ, ದವಾಖಾನೆಗೆ ಬರುವವರಿಂದ ಏನಾದರೂ ತೆಗೆದುಕೊಳ್ಳಿರಿ ಎಂದರು. ಹೀಗೆ ಎಲ್ಲೋ ಮಾಡಿದ ಸಾಲ ನಮ್ಮ ಹಳ್ಳಿಯ ಜ್ವರದ ಮಕ್ಕಳವರೆಗೆ ಬಂದಿತ್ತು.

ಫೀ ದೊಡ್ಡದಲ್ಲ. ಆದರೆ ಆ ಜನರ ಕೈಯಲ್ಲಿ ರೊಕ್ಕವೇ ಇರುತ್ತಿರಲಿಲ್ಲ. ಗೋವಿನಜೋಳ ಬೆಳೆದು, ಬೀಸಿ, ಗಟ್ಟಿ ಮುದ್ದೆ ಮಾಡಿ ತಿನ್ನುವವರು. ಫೀ ಇಲ್ಲದೆ ತಿರುಗಿ ಹೋಗುವ ತಾಯಂದಿರನ್ನು ನೋಡಿ ನನಗೆ ತಾಳಲಾಗಲಿಲ್ಲ. ಆಗ ನನಗೆ ನನ್ನ ತವರೂರಿನ ಸೂಲಗಿತ್ತಿ ನೆನಪಾದಳು. ನಮ್ಮ ಕಡೆ ಹಿಂದೆ ಬಡಿಗ, ಕಂಬಾರ, ನಾವಲಿಗರಿಗೆ ಸುಗ್ಗಿಯಲ್ಲಿ ಕಣದಿಂದ ಕಾಳು ಅಳೆದು ಕೊಡುತ್ತಿದ್ದರು. ಅದಕ್ಕೆ ಆಯ ಎನ್ನುತ್ತಿದ್ದರು. ನಮ್ಮೂರ ಸೂಲಗಿತ್ತಿಗೂ ಆಯ ಸಿಗುತ್ತಿತ್ತು. ವರ್ಷವಿಡೀ ಅವಳನ್ನು ಯಾವ ಹೊತ್ತಿನಲ್ಲಿ ಕರೆದರೂ ಬರುತ್ತಿದ್ದಳು. ಸುಗ್ಗಿಯಲ್ಲಿ ಮಾತ್ರ ಸೆರಗೊಡ್ಡಿ ಕಣಕ್ಕೆ ಬರುತ್ತಿದ್ದಳು.

ಇಲ್ಲಿಯೂ ಹಾಗೇ ಮಾಡೋಣ ಎಂದು ಫಿರಿ ಸಾಹೇಬರಿಗೆ ಹೇಳಿದೆ. ಈಗ ಔಷಧ ಕೊಡೋಣ, ಸುಗ್ಗಿಯಲ್ಲಿ ಅವರು ಜೋಳ ಕೊಡಲಿ. ಸಾಹೇಬರು ಎರಡು ದಿನ ವಿಚಾರ ಮಾಡಿ, "ವಹಿಯೊಳಗ ಬರದಿಟ್ಟರ ಅಡ್ಡಿ ಇಲ್ಲ" ಎಂದರು. ಒಂದು ವಹಿ ತಂದು ಹೆಸರು ಬರೆಯತೊಡಗಿದೆ. ಬಹಳ ಜನರಿಗೆ ಅನುಕೂಲವಾಯಿತು. ನನಗೂ ಹೆಮ್ಮೆಯಾಯಿತು. ಮನೆಯಲ್ಲಿ ಹೇಳಿದಾಗ ನಮ್ಮ ಮನೆಯವರು ನಕ್ಕರು.

"ಭಲೇ ಸುಶೀಲಾ. ರಾಯಬಾಗದ ಆಯ ಆಫ್ರಿಕಾಕ್ಕ ತಂದಿ. ಇನ್ನ ಸಂತಿನೂ ಹಚ್ಚಿಬಿಡು."

ಆ ವಹಿಯಲ್ಲಿ ಎಲಿನಾ ಎಂಬವಳ ಹೆಸರೂ ಇತ್ತು. ಇಪ್ಪತ್ತೆರಡು ಇಪ್ಪತ್ತಮೂರರ ಹೆಂಗಸು. ಗಂಡ ತಾಮ್ರದ ಗಣಿಗೆ ಕೆಲಸಕ್ಕೆ ಹೋಗಿದ್ದ. ಅವಳು ತಾಯಿಯೊಂದಿಗೆ ದವಾಖಾನೆಯಿಂದ ಒಂದೂವರೆ ತಾಸಿನ ನಡಿಗೆಯ ಹಳ್ಳಿಯಲ್ಲಿದ್ದಳು. ಮೊದಲ ಮಗನಿಗೆ ಎದೆಯಲ್ಲಿ ಕಫ ತುಂಬಿ ಉಸಿರು ಸಿಕ್ಕಿಕೊಂಡಾಗ ಬೆನ್ನಿಗೆ ಕಟ್ಟಿಕೊಂಡು ಬಂದಳು. ಐದು ದಿನ ಇಂಜೆಕ್ಷನ್ ಕೊಟ್ಟೆ. ಹುಡುಗ ಚೇತರಿಸಿಕೊಂಡ. ಸುಗ್ಗಿಯಲ್ಲಿ ಒಂದು ಡಬ್ಬಿ ಜೋಳ ತರುತ್ತೇನೆ ಎಂದು ಅವಳೇ ಹೇಳಿದಳು, ನಾನು ಬರೆದುಕೊಂಡೆ. ಎಣ್ಣೆಯ ದೊಡ್ಡ ಡಬ್ಬಿ ಅಲ್ಲಿ ಅಳತೆಯ ಮಾಪು. ಐದು ದಿನವೂ ಅವಳು ಸುಮ್ಮನೆ ಕೂಡಲಿಲ್ಲ. ಕಸ ಹೊಡೆದಳು, ನೀರು ತಂದಳು, ನನ್ನ ಕೂದಲು ನೋಡಿ ಇಷ್ಟು ಉದ್ದ ಹೇಗೆ ಹೊತ್ತುಕೊಂಡು ತಿರುಗುತ್ತೀ ಎಂದು ಕೇಳಿ ನಕ್ಕಳು. ನನಗೆ ಅವಳು ತಂಗಿಯಂತೆ ಆದಳು.

ಆ ಸುಗ್ಗಿಯಲ್ಲಿ ಅವಳ ಹೊಲಕ್ಕೆ ಯಾರದೋ ದನ ನುಗ್ಗಿ ಬೆಳೆ ತಿಂದವು. ಉಳಿದದ್ದು ಮನೆಗೇ ಸಾಲಲಿಲ್ಲ. ಇದು ನನ್ನ ಕಿವಿಗೆ ಬಿದ್ದಿತ್ತು. ನಾನು ಡಬ್ಬಿಯ ವಿಚಾರವನ್ನು ಮನಸ್ಸಿನಲ್ಲಿ ಬಿಟ್ಟೇಬಿಟ್ಟಿದ್ದೆ. ಆದರೆ ಮನಸ್ಸಿನಲ್ಲಿ ಬಿಟ್ಟದ್ದು ಅವಳಿಗೆ ಹೇಗೆ ಗೊತ್ತಾಗಬೇಕು?

ನನ್ನ ತಪ್ಪು ಇದಷ್ಟೇ ಅಲ್ಲ. ನಮ್ಮ ಕಡೆಯ ಬಜಾರ ನೀವು ಬಲ್ಲಿರಿ. ರಾಯಬಾಗದ ಸಂತೆಯಲ್ಲಿ ಕಾಯಿಪಲ್ಲೆ ಮಾರುವವಳು ನಮ್ಮ ತಾಯಿಯನ್ನು ಕಂಡರೆ ನಾಲ್ಕು ಮಂದಿಯ ನಡುವೆ ಕೂಗುತ್ತಿದ್ದಳು. "ಏ ಅಕ್ಕಾ, ಹ್ವಾದ ವಾರದ ಬದನಿಕಾಯಿ ರೊಕ್ಕಾ ಎಲ್ಲಿ ಹೂಳಿಟ್ಟಿ?" ನಮ್ಮ ತಾಯಿ, "ನಿನ್ನ ಬದನಿಕಾಯಾಗಿನ ಹುಳಾ ತಿಂದೈತಿ, ಅದನ್ನ ಕೇಳು" ಎನ್ನುತ್ತಿದ್ದಳು. ಇಬ್ಬರೂ ನಗುತ್ತಿದ್ದರು. ಬಾಕಿ ಇದ್ದವರನ್ನು ಹೀಗೆ ಕಾಡಿಸಿದರೆ ಸಿಟ್ಟಿಲ್ಲ ಎಂದು ಅರ್ಥ. ಸಿಟ್ಟಿದ್ದರೆ ಮಾತೇ ಇರುವುದಿಲ್ಲ.

ಒಂದು ದಿನ ಕಾರ್ಖಾನೆಯ ಬಾಗಿಲ ಮುಂದಿನ ಬಜಾರದಲ್ಲಿ ಎಲಿನಾ ಕಂಡಳು. ನನಗೆ ಹಿಗ್ಗಾಯಿತು. ದೂರದಿಂದಲೇ ಕೂಗಿದೆ. "ಏ ಎಲಿನಾ, ನನ್ನ ಡಬ್ಬಿ ಜ್ವಾಳಾ ಇಲಿ ತಿಂದೂ ಏನ? ಮಾರಿನೂ ತೋರಸವಲ್ಲಿ!"

ಸುತ್ತಲಿನ ಹೆಂಗಸರು ತಿರುಗಿ ಅವಳನ್ನು ನೋಡಿದರು. ಅವಳು ನಗಲಿಲ್ಲ. ಮೊಣಕಾಲು ಮಡಚಿ, ಎರಡೂ ಕೈ ತಟ್ಟಿ, ಹಿರಿಯರಿಗೆ ಮಾಡುವ ನಮಸ್ಕಾರ ಮಾಡಿದಳು.

"ತರತೀನಿ ಸಿಸ್ಟರ್. ಮುಂದಿನ ಸುಗ್ಗಿಗೆ ಮೊದಲ ನಿಮ್ಮ ಡಬ್ಬಿ ತುಂಬಸ್ತೀನಿ."

"ಏ, ಚಾಷ್ಟಿ ಮಾಡಿದ್ನೆ ಹುಚ್ಚಿ" ಎಂದೆ. ಅವಳು ಹೌದು ಎಂದು ತಲೆಯಾಡಿಸಿ ಹೋದಳು. ಅಲ್ಲಿ ಬಾಕಿಯ ಮಾತನ್ನು ಹಿರಿಯರು ನಾಲ್ಕು ಜನರ ಮುಂದೆ ಎತ್ತಿದರೆ ಅದು ಚೇಷ್ಟೆಯಲ್ಲ, ಕೊನೆಯ ಎಚ್ಚರಿಕೆ. ಇದನ್ನು ನನಗೆ ಫಿರಿ ಸಾಹೇಬರು ಹೇಳಿದರು. ಹೇಳಿದಾಗ ಬಹಳ ತಡವಾಗಿತ್ತು.

ಅದಾದ ಮೇಲೆ ಅವಳು ದವಾಖಾನೆಗೆ ಬರಲಿಲ್ಲ. ಮತ್ತೆ ಬಸುರಿಯಾಗಿದ್ದಾಳೆ ಎಂದು ಯಾರೋ ಹೇಳಿದರು. ಬರುತ್ತಾಳೆ ಎಂದುಕೊಂಡೆ.

ನಾನು ಮೊದಲು ಹೇಳಿದ ಆ ಶುಕ್ರವಾರ ಕಳೆದು ಸೋಮವಾರ ಫಿರಿ ಸಾಹೇಬರು ಜಿಲ್ಲೆಯಿಂದ ಕಾಗದ ತಂದರು. ಶ್ರೀಮಂತ ದೇಶಗಳು, ದೊಡ್ಡ ಬ್ಯಾಂಕುಗಳು ಸೇರಿ ಕಡುಬಡ ದೇಶಗಳ ಸಾಲ ಬಿಟ್ಟುಕೊಟ್ಟಿವೆ ಎಂದು ರೇಡಿಯೋದಲ್ಲಿ ಬರುತ್ತಲೇ ಇತ್ತು. ಈಗ ಸರಕಾರ, ಬಡ್ಡಿಗೆ ಹೋಗುತ್ತಿದ್ದ ರೊಕ್ಕ ಉಳಿಯಿತು, ಹಳ್ಳಿಯ ದವಾಖಾನೆಗಳಲ್ಲಿ ಇನ್ನು ಫೀ ಇಲ್ಲ ಎಂದಿತ್ತು. ಅವರು ಕಟ್ಟೆಯ ಮೇಲೆ ನಿಂತು ಕಾಗದವನ್ನು ಓದಿದರು. ಕಾಲಿಗೆ ಹೊಲಿಗೆ ಹಾಕಿಸಿಕೊಂಡ ಮುದುಕ ಪಟ್ಟಿ ಬದಲಿಸಲು ಬಂದಿದ್ದ. ಅವನೊಬ್ಬನೇ ಮಾತಾಡಿದ.

"ಸಾಹೇಬ್ರ, ಸಾಲಾ ಮಾಡಿದ್ದು ಯಾರು?"

"ದೇಶ ಮಾಡಿತ್ತು."

"ಮತ್ತ ನನ್ನ ಕೋಳಿ ಯಾಕ ಹ್ವಾತು?"

ಕಟ್ಟೆಯ ಮೇಲಿನವರೆಲ್ಲ ಗೊಳ್ಳೆಂದು ನಕ್ಕರು. ಫಿರಿ ಸಾಹೇಬರು ನಕ್ಕಿದ್ದನ್ನು ನಾನು ನೋಡಿದ್ದು ಅಂದೇ. ಕೋಳಿ ಇನ್ನೂ ಹಿತ್ತಲಲ್ಲಿತ್ತು. ಬಿಚ್ಚಿ ಮುದುಕನಿಗೆ ಕೊಟ್ಟೆ. ಸಾಹೇಬರು ಗೋಡೆಯ ಮೇಲಿನ ಫೀ ಪಟ್ಟಿಗೆ ತಾವೇ ಸುಣ್ಣ ಬಳಿದರು.

ನಾನು ವಹಿಯನ್ನು ತೋರಿಸಿ, "ಈ ಹಳೇ ಬಾಕಿ ಏನ್ ಮಾಡೂನ್ರಿ?" ಎಂದು ಕೇಳಿದೆ. ಅವರು ಕಾಗದವನ್ನು ಇನ್ನೊಮ್ಮೆ ಓದಿದರು. ಇಂದಿನಿಂದ ಫೀ ಇಲ್ಲ ಎಂದಿತ್ತು. ಹಳೆಯ ಬಾಕಿಯ ಬಗ್ಗೆ ಏನೂ ಇರಲಿಲ್ಲ. "ಜಿಲ್ಲೆಗೆ ಬರದು ಕೇಳತೀನಿ. ಅಲ್ಲೀತನಕ ವಹಿ ಕಪಾಟಿನ್ಯಾಗ ಇರಲಿ" ಎಂದರು. ಇಟ್ಟೆ.

ಸಂಜೆ ನಮ್ಮ ಮನೆಯವರಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿ ಚಹಾದ ಕಪ್ಪು ಹಿಡಿದು ಬಹಳ ಹೊತ್ತು ಕೇಳಿದರು.

"ನಮ್ಮೂರ ಸೊಸೈಟಿಯೊಳಗ ಸಾಲಾ ಮನ್ನಾ ಆದಾಗ ಯಾದಿ ಹಚ್ಚತಿದ್ರು ನೆನಪೈತೇನ? ಯಾದಿಯೊಳಗ ತನ್ನ ಹೆಸರು ಕಣ್ಣಿಲೆ ಕಾಣೂತನಕ ಒಬ್ಬಾಂವ ನಂಬತಿದ್ದಿಲ್ಲ. ನಿನ್ನ ವಹಿಯೊಳಗಿನ ಮಂದಿಗೆ ಯಾರ ಹೇಳ್ಯಾರ?"

"ಜಿಲ್ಲಾದಿಂದ ಉತ್ತರ ಬರಲಿ ಅಂದಾರ್ರಿ."

"ಉತ್ತರ ಬರೂದ್ರಾಗ ಅವರೆಲ್ಲ ಮುದುಕರಾಗತಾರ. ನೀನ ಒಂದಿನ ಹೋಗಿ ಹೇಳಿ ಬಾ. ಬೇಕಾರ ನಾನೂ ಬರತೀನಿ."

"ಐತವಾರ ನೋಡೂನ್ರಿ" ಎಂದೆ.

ಎರಡು ಐತವಾರ ಹೋದವು. ಕಾರಣ ಹೇಳುತ್ತೇನೆ, ಸಮಜಾಯಿಷಿ ಎಂದು ತಿಳಿಯಬೇಡಿ. ಫೀ ಹೋದ ಸುದ್ದಿ ಹಬ್ಬಿ ದವಾಖಾನೆಯ ಮುಂದೆ ಜನ ಅಂಗಳದ ಬೇವಿನಮರದಾಚೆಯವರೆಗೆ ಕೂಡತೊಡಗಿದರು. ವರ್ಷಗಟ್ಟಲೆ ಹುಣ್ಣು ಮುಚ್ಚಿಟ್ಟುಕೊಂಡವರು, ಒಮ್ಮೆಯೂ ತಪಾಸಣೆ ಆಗದ ಬಸುರಿಯರು, ಎಲ್ಲರೂ ಬಂದರು. ಎರಡನೆಯ ವಾರಕ್ಕೆ ಮಲೇರಿಯಾದ ಗುಳಿಗೆ ಮುಗಿದವು. ನರ್ಸ್ ನಾನೊಬ್ಬಳೇ. ಐತವಾರವೂ ಬಾಗಿಲು ಮುಚ್ಚಲಾಗಲಿಲ್ಲ. ಆದರೂ ನನಗೆ ಸಂತೋಷವಿತ್ತು. ಸಾಲ ಮನ್ನಾ ಎಂದರೆ ಇದು, ಬಾಗಿಲಲ್ಲಿ ಏನೂ ಕೇಳದೆ ಒಳಗೆ ಕರೆಯುವುದು ಎಂದು ದಿನಾ ಅನಿಸುತ್ತಿತ್ತು. ಈಗಲೂ ಅದು ಸುಳ್ಳು ಎನ್ನುವುದಿಲ್ಲ. ಆ ತಿಂಗಳು ಬದುಕಿದ ಮಕ್ಕಳನ್ನು ಕಣ್ಣಾರೆ ನೋಡಿದ್ದೇನೆ.

ಮೂರನೆಯ ವಾರ, ಬುಧವಾರ, ಬಿಸಿಲು ಏರಿದ ಮೇಲೆ ಎತ್ತಿನ ಬಂಡಿಯೊಂದು ಬಂತು. ಮೇಲೆ ಚಾಪೆಯಲ್ಲಿ ಎಲಿನಾ. ಪಕ್ಕದಲ್ಲಿ ಅವಳ ತಾಯಿ ಒಂದು ಕೂಸನ್ನು ಎದೆಗೆ ಅಪ್ಪಿ ಹಿಡಿದಿದ್ದಳು. ಹೆರಿಗೆ ಬೆಳಿಗ್ಗೆ ಮನೆಯಲ್ಲೇ ಆಗಿತ್ತು. ಕೂಸಿನ ಹಿಂದೆ ಬೀಳಬೇಕಾದ ಮಾಸ ಬಿದ್ದಿರಲಿಲ್ಲ. ರಕ್ತ ಚಾಪೆ ದಾಟಿ ಬಂಡಿಯ ಹಲಗೆಗೆ ಇಳಿದಿತ್ತು.

ನರ್ಸಿಂಗ್ ಕಲಿಯುವವರೇ, ಮಾಸ ನಿಂತು ರಕ್ತ ಹೋಗುವಾಗ ಏನು ಮಾಡಬೇಕೆಂದು ನಿಮಗೆ ಕಲಿಸುತ್ತಾರೆ. ನಾನೂ ಫಿರಿ ಸಾಹೇಬರೂ ಅದೆಲ್ಲವನ್ನೂ ಮಾಡಿದೆವು. ಅವರು ಕೈ ಹಾಕಿ ಮಾಸ ತೆಗೆದರು. ನಾನು ಅವಳ ಎರಡೂ ಕೈಗೆ ಸಲೈನ್ ಹಚ್ಚಿದೆ. ರಕ್ತ ನಿಂತಿತು, ಆದರೆ ಮೈಯಲ್ಲಿ ಉಳಿದದ್ದೇ ಕಡಿಮೆ. ಕೊಡಲು ನಮ್ಮಲ್ಲಿ ರಕ್ತ ಇರಲಿಲ್ಲ. ಅವಳಿಗೆ ಒಮ್ಮೆ ಎಚ್ಚರವಾಯಿತು. ನನ್ನನ್ನು ಗುರುತಿಸಿದಳು.

"ಸಿಸ್ಟರ್, ತೆನಿ ಇನ್ನೂ ಹಸಿ ಅದಾವು. ಒಣಗಿದ ಮ್ಯಾಲೆ ತರಬೇಕಂತ ಮಾಡಿದ್ನಿ."

"ಬ್ಯಾಡ ತಂಗಿ. ಏನೂ ಬ್ಯಾಡ. ಎಲ್ಲಾ ಮನ್ನಾ ಆಗೇತಿ" ಎಂದೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ನನಗೆ ಗೊತ್ತಿಲ್ಲ. ಮಧ್ಯಾಹ್ನ ಎರಡರ ಸುಮಾರಿಗೆ ಹೋಗಿಬಿಟ್ಟಳು.

ತಾಯಿಯನ್ನು ಫಿರಿ ಸಾಹೇಬರು ಕೇಳಿದರು, ಮೊದಲೇ ಯಾಕೆ ಬರಲಿಲ್ಲ, ಫೀ ಇಲ್ಲವೆಂದು ಗೊತ್ತಿರಲಿಲ್ಲವೇ ಎಂದು. ಗೊತ್ತಿತ್ತು ಎಂದಳು. "ಹೊಸದಾಗಿ ಹೋಗವರಿಗೆ ಇಲ್ಲ ಅಂತ ಗೊತ್ತಿತ್ತು. ನಮ್ಮದು ಹಳೇದಿತ್ತಲ್ಲ. ಮೊದಲ ಡಬ್ಬಿ ಮುಟ್ಟಸೂನು, ಆಮ್ಯಾಲೆ ಹೋಗೂನು ಅಂದ್ಲು. ಮಂದಿ ಮುಂದ ಇನ್ನೊಮ್ಮೆ ಅನಿಸಿಕೊಳ್ಳೂದು ಬ್ಯಾಡವ್ವಾ ಅಂದ್ಲು."

ಫಿರಿ ಸಾಹೇಬರು ನನ್ನ ಕಡೆ ನೋಡಲಿಲ್ಲ. ಕೊರಳ ಗುಂಡಿ ಬಿಚ್ಚಿ ಹೊರಗೆ ಹೋಗಿ ನಿಂತರು.

ಒಂಬತ್ತು ದಿನಗಳ ನಂತರ ತಾಯಿ ಒಬ್ಬಳೇ ಬಂದಳು. ತಲೆಯ ಮೇಲೆ ಡಬ್ಬಿ. ಜೋಳ ಒಣಗಿತ್ತು, ಕಾಳು ಬಿಡಿಸಿ ತುಂಬಿದ್ದಳು. ನಾನು ಒಲ್ಲೆ ಎಂದೆ. ಕಾಲು ಹಿಡಿಯಲು ಹೋದೆ. ಅವಳು ಹಿಂದೆ ಸರಿದಳು.

"ತಗೋರಿ ಸಿಸ್ಟರ್. ಆಕಿ ಮಾತ ಕೊಟ್ಟಿದ್ಲು. ನೀವು ಒಲ್ಲೆ ಅಂದ್ರ ನಾ ಇದನ್ನ ಎಲ್ಲಿ ಒಯ್ಯಲಿ?"

ತೆಗೆದುಕೊಂಡೆ. ಮರುದಿನ ವಾರ್ಡಿನಲ್ಲಿದ್ದವರಿಗೆ ಗಂಜಿ ಮಾಡಿ ಹಾಕಿದೆವು. ಜಿಲ್ಲೆಯಿಂದ ಉತ್ತರ ಮುಂದೆ ಎರಡು ತಿಂಗಳ ಮೇಲೆ ಬಂತು. ಹಳೆಯ ಬಾಕಿಯನ್ನು ಕೇಳಬಾರದು ಎಂದಿತ್ತು. ಅಷ್ಟರಲ್ಲಿ ನಾನೂ ನಮ್ಮ ಮನೆಯವರೂ ವಹಿಯಲ್ಲಿದ್ದ ಪ್ರತಿ ಮನೆಗೆ ನಡೆದು ಹೋಗಿ ಹೇಳಿ ಬಂದಿದ್ದೆವು. ಒಂದು ಮನೆಗೆ ಮಾತ್ರ ನಾನು ಹೋಗಲಿಲ್ಲ. ಅಲ್ಲಿಗೆ ಅವರು ಒಬ್ಬರೇ ಹೋದರು.

ಊರಿಗೆ ಮರಳಿದ ಮೇಲೆ ನಾನು ಕಾಗವಾಡದ ಕಡೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಿವೃತ್ತಿಯವರೆಗೆ ದುಡಿದೆ. ಅಲ್ಲಿಯ ಡಾಕ್ಟರು ಒಳ್ಳೆಯವರು. ಬಡವರ ಬಿಲ್ಲನ್ನು ಅರ್ಧಕ್ಕೆ ಬಿಟ್ಟುಬಿಡುತ್ತಿದ್ದರು. ಆದರೆ ಬಿಟ್ಟಿದ್ದೇನೆ ಎಂದು ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಹೇಳಿದರೆ ದೊಡ್ಡಸ್ತಿಕೆಯಾದೀತು ಎಂಬ ಸಂಕೋಚ. ನಾನು ಹಳೆಯ ಚೀಟಿಗಳನ್ನು ತೆಗೆದು, ಬಾಕಿ ಉಳಿದು ಮತ್ತೆ ಬಾರದವರ ಹೆಸರು ಹುಡುಕಿದೆ. ಒಂದು ಹೆಸರು ಕುಡಚಿಯ ಒಬ್ಬ ಹೆಂಗಸಿನದು. ಬಸ್ ಹತ್ತಿ ಹೋದೆ. ಸ್ಟೇಶನ್ ಹತ್ತಿರದ ಮನೆ. ಅವಳ ಅತ್ತೆ ಬೇಬಿಜಾನ್ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು. ಒಳಗೆ ಸೊಸೆ ಏಳು ತಿಂಗಳ ಬಸುರಿ.

"ಯಾ ಅಲ್ಲಾ, ಈಗ ವಸೂಲಿಗೆ ನರ್ಸಬಾಯಾರ್ನ ಕಳಸಾಕತ್ತಾರೇನ್ರಿ?"

"ವಸೂಲಿಗೆ ಬಂದಿಲ್ಲ ಚಾಚಿ. ಬಾಕಿ ಇಲ್ಲ ಅಂತ ಹೇಳಾಕ ಬಂದೀನಿ."

"ಇಲ್ಲಂತ ಹೇಳಾಕ ಯಾರ್ರಿ ಬಸ್ಸಿನ ರೊಕ್ಕಾ ಕೊಟ್ಟ ಬರತಾರ? ಹಂಗಿದ್ರ ಬರದ ಕೊಡ್ರಿ."

ಔಷಧದ ಚೀಟಿಯ ಹಿಂದೆ ಬರೆದು ಸಹಿ ಹಾಕಿದೆ. ಅವಳು ಅದನ್ನು ಮಗನಿಂದ ಎರಡು ಸಲ ಓದಿಸಿದಳು. ಆಮೇಲೆ ಒಳಗೆ ಕರೆದು ಶೀರಾ ತಿನ್ನಿಸಿದಳು. ಮರುದಿನ ಸೊಸೆಯನ್ನು ಕರೆದುಕೊಂಡು ಬಂದಳು. ಎರಡು ತಿಂಗಳ ಮೇಲೆ ಹೆರಿಗೆ ಕಷ್ಟದ್ದೇ ಆಯಿತು, ಆದರೆ ನಮ್ಮ ಕೈಯಲ್ಲಿ ಆಯಿತು. ತಾಯಿ, ಮಗು ಇಬ್ಬರೂ ಉಳಿದರು.

ನಿಮಗೆ ಹೇಳುವುದು ಇಷ್ಟೇ. ಮಾಫಿ ಯಾರು ಕೊಟ್ಟರೂ, ಸರಕಾರ ಕೊಡಲಿ, ಡಾಕ್ಟರು ಕೊಡಲಿ, ಅದನ್ನು ಮನೆಯ ಬಾಗಿಲವರೆಗೆ ಒಯ್ಯುವ ಕೆಲಸ ನರ್ಸಿನದು. ಬಂದವರನ್ನು ನೋಡುವುದರ ಜೊತೆಗೆ ಬಾರದವರು ಯಾರೆಂದು ಕೇಳಿರಿ. ಆ ದೇಶ ಮತ್ತೆ ಸಾಲದಲ್ಲಿ ಬಿದ್ದಿದೆಯಂತೆ, ಮತ್ತೆ ಬಿಟ್ಟುಕೊಡುವ ಮಾತು ನಡೆದಿದೆಯಂತೆ. ನನ್ನ ತಂಗಿಯ ಮಗಳು ಫೋನಿನಲ್ಲಿ ಓದಿ ಹೇಳಿದಳು. ಬಿಟ್ಟುಕೊಡಲಿ. ಕೊಟ್ಟದ್ದು ಅಲ್ಲಿಯ ಕಟ್ಟೆಯವರೆಗೆ ಮುಟ್ಟಲಿ.

ಎಲಿನಾ ಹೋದ ಮೇಲೆ ನಾವು ಅಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆವು. ಪ್ರತಿ ವರ್ಷ ಕಾರ್ಖಾನೆ ಶುರುವಾಗಿ ಮೊದಲ ಸಕ್ಕರೆ ಇಳಿದಾಗ ನಮ್ಮ ಮನೆಯವರು ಒಂದು ಚೀಲ ಕಟ್ಟಿಕೊಂಡು ಅವಳ ತಾಯಿಯ ಮನೆಗೆ ಹೋಗಿ ಬರುತ್ತಿದ್ದರು. ಬಂದು, "ಕೂಸು ಈಗ ನಡ್ಯಾಕತ್ತೈತಿ ನೋಡ", "ಈಗ ಬಾಳ ಮಾತಾಡತಾಳ" ಎಂದು ಶುರು ಮಾಡುತ್ತಿದ್ದರು. ನಾನು, "ಬ್ಯಾಡ್ರಿ, ನನಗ ಹೇಳಬ್ಯಾಡ್ರಿ" ಎಂದು ಎದ್ದುಹೋಗುತ್ತಿದ್ದೆ. ಮುಂದೆ ಅವರು ಹೇಳುವುದನ್ನು ಬಿಟ್ಟರು, ಹೋಗುವುದನ್ನು ಬಿಡಲಿಲ್ಲ. ಊರಿಗೆ ಬಂದ ಮೇಲೂ ಎಷ್ಟೋ ಸಲ ಕೇಳಬೇಕೆಂದುಕೊಂಡೆ. ಕೇಳಿದರಾಯಿತು, ಇವರೆಲ್ಲಿ ಹೋಗುತ್ತಾರೆ ಎಂದುಕೊಂಡೆ.

ಹೋದ ವರ್ಷ ಕಾರ್ತಿಕದಲ್ಲಿ ಅವರು ತೀರಿಕೊಂಡರು. ದವಾಖಾನೆಯ ರಿಜಿಸ್ಟರಿನಲ್ಲಿ ನಾನೇ ನನ್ನ ಕೈಯಿಂದ 'ಎಲಿನಾಳ ಹೆಣ್ಣು ಕೂಸು' ಎಂದು ಬರೆದಿದ್ದೆ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ. ಆ ಹುಡುಗಿ ಈಗ ತಾಯಿಯಷ್ಟು ದೊಡ್ಡವಳಾಗುತ್ತ ಬಂದಿರಬೇಕು. ಅವಳ ಹೆಸರು ನಮ್ಮ ಮನೆಯವರಿಗೆ ಗೊತ್ತಿತ್ತು. ನನಗೆ ಗೊತ್ತಿಲ್ಲ.